ಮುಯ್ಯಾಳಿಗೆ ಅವರು ಹೋದದ್ದು

ಆಗ ನನಗೆ ಐವತ್ತಾರು. ಇದಾಗಿ ಮೂರು ವರ್ಷವಾಯಿತು. ಆ ವರ್ಷ ನಮ್ಮ ಯಜಮಾನರು ನಂಜನಗೂಡಿನ ಫ್ಯಾಕ್ಟರಿಯಲ್ಲಿ ಗೇಟು ಕಾಯುವ ಕೆಲಸದಿಂದ ರಿಟೈರ್ ಆಗಿ ಮನೆಗೆ ಬಂದು ಕೂತರು. ಕೂತರು ಅಂದರೆ ನಿಜವಾಗಿಯೂ ಕೂತರು. ಜಗಲಿಯ ಮೇಲೆ, ಕಂಬಕ್ಕೆ ಒರಗಿಕೊಂಡು, ಕಾಲು ಚಾಚಿಕೊಂಡು.

ಕೂತದ್ದಕ್ಕೆ ನನ್ನದೇನೂ ತಕರಾರಿರಲಿಲ್ಲ. ವರ್ಷಗಟ್ಟಲೆ ರಾತ್ರಿ ಪಾಳಿ ಮಾಡಿದ ಮನುಷ್ಯ, ಕೂರಲಿ. ನಮ್ಮೂರು ಸೋಸಲೆಯ ಹತ್ತಿರ. ಸಂಜೆ ತಿ. ನರಸೀಪುರಕ್ಕೆ ಹೋಗಿ, ಅಲ್ಲಿಂದ ನಂಜನಗೂಡಿನ ಬಸ್ಸು ಹಿಡಿದರೆ ಅವರು ತಿರುಗಿ ಬರುತ್ತಿದ್ದದ್ದು ಬೆಳಿಗ್ಗೆ, ನಾನು ಹೊರಡುವ ಹೊತ್ತಿಗೆ. ನಾನು ನಮ್ಮೂರ ಶಾಲೆಯಲ್ಲಿ ಬಿಸಿಯೂಟ ಮಾಡುವವಳು. ಅವರು ಬಂದರು, ನಾನು ಹೋದೆ. ನಾನು ಬಂದೆ, ಅವರು ಹೋದರು. ಒಬ್ಬರ ಮುಖ ಒಬ್ಬರು ಸರಿಯಾಗಿ ನೋಡುತ್ತಿದ್ದದ್ದು ಅವರಿಗೆ ರಜೆ ಸಿಕ್ಕ ಭಾನುವಾರ. ಹಾಗಾಗಿ ಜಗಳವೂ ಕಮ್ಮಿ ಇತ್ತು.

ಯಾರು ಎಷ್ಟು ದುಡಿಯಬೇಕು ಅಂತ ನಾವಿಬ್ಬರೂ ಎಂದೂ ಎದುರುಬದುರು ಕೂತು ಮಾತಾಡಿದವರಲ್ಲ. ಅವರು ಜಗಲಿಯಿಂದ ಒಂದು ಮಾತು ಹೇಳುವರು, ನಾನು ಒಳಗೆ ಒಲೆಯ ಮುಂದೆ ಹೂಂ ಅನ್ನುವೆ. ಅವರ ಪಾಲಿಗೆ ಅದು ತೀರ್ಮಾನ. ನಾನು ಹೂಂ ಅಂದದ್ದು ಮಾತು ಕೇಳಿಸಿತು ಅನ್ನುವುದಕ್ಕೆ. ಒಪ್ಪಿದೆ ಅನ್ನುವುದಕ್ಕಲ್ಲ. ಮದುವೆಯಾದಾಗಿನಿಂದ ನಡೆದದ್ದೇ ಹೀಗೆ.

ಮನೆಗೆ ಬಂದ ಮೊದಲನೇ ತಿಂಗಳು ಸುಮ್ಮನಿದ್ದರು. ಮಧ್ಯಾಹ್ನ ಮಲಗುವರು, ಏಳುವರು, ಕಾಫಿ ಕಾಯಿಸುವುದಕ್ಕೆ ಬಾರದೆ ನಾನು ಬರುವ ತನಕ ಬೀದಿ ನೋಡುವರು. ನಾನು ಮೂರು ಗಂಟೆ ದಾಟಿಸಿ ಬಂದರೆ ಮುಖ ಊದಿರುತ್ತಿತ್ತು. ಎರಡನೇ ತಿಂಗಳು ಶುರುಮಾಡಿದರು. ಇಬ್ಬರೂ ದುಡಿದದ್ದು ಸಾಕು, ಮಗಳ ಮದುವೆ ಆಯಿತು, ಗದ್ದೆಯ ಅಕ್ಕಿ ವರ್ಷಕ್ಕಾಗುತ್ತದೆ, ಶಾಲೆಯ ಕೆಲಸ ಬಿಟ್ಟುಬಿಡು ಅಂತ. ಒಂದು ಸಲ ಅಲ್ಲ, ದಿನಾ. ಊಟಕ್ಕೆ ಕೂತಾಗ, ಕೈ ತೊಳೆಯುವಾಗ, ನಾನು ಹಟ್ಟಿ ಗುಡಿಸುವಾಗ. ನಾನು ಹೂಂ ಅನ್ನುತ್ತಾ ಗುಡಿಸಿದೆ.

ಯಾಕೆ ಬಿಡಲಿಲ್ಲ ಅಂತ ಈಗಲೂ ಕೆಲವರು ಕೇಳುತ್ತಾರೆ. ಅಲ್ಲಿ ಸಿಗುವ ಸಂಬಳ ಕಂಡು ಯಾರೂ ಆ ಕೆಲಸಕ್ಕೆ ಹೋಗುವುದಿಲ್ಲ. ನಾವು ಮೂವರು ಹೆಂಗಸರು. ಬೆಳಿಗ್ಗೆ ಹೋಗಿ ಬೇಳೆ ಬೇಯಿಸಿ, ತರಕಾರಿ ಹೆಚ್ಚಿ, ಅನ್ನ ಬಸಿದು, ಮಕ್ಕಳಿಗೆಲ್ಲ ಬಡಿಸಿ, ಪಾತ್ರೆ ನೆನೆಹಾಕಿ, ಆಮೇಲೆ ಅಡುಗೆಕೋಣೆಯ ಹಿಂದೆ ಹೊಂಗೆಮರದ ನೆರಳಿಗೆ ಬಂದು ಕೂರುತ್ತೇವೆ. ತಟ್ಟೆಯಲ್ಲಿ ಬಿಸಿ ಅನ್ನ, ಮೇಲೆ ಸಾರು. ಆ ಹೊತ್ತಿನಲ್ಲಿ ಯಾರೂ ನನ್ನನ್ನು ನೀರು ಕೊಡು ಅನ್ನುವುದಿಲ್ಲ, ಉಪ್ಪು ಕೊಡು ಅನ್ನುವುದಿಲ್ಲ. ಮನೆಯಲ್ಲಿ ನಾನು ಬಿಸಿ ಅನ್ನ ಉಂಡದ್ದು ಬಾಣಂತನದಲ್ಲಿ ಮಾತ್ರ, ಅದೂ ನಮ್ಮವ್ವ ಇದ್ದಳು ಅಂತ. ಅಷ್ಟೇ ಕಾರಣ. ಇದನ್ನು ಬಿಡಿಸಿ ಹೇಳಿದರೆ ಗಂಡಸರು ನಗುತ್ತಾರೆ ಅಂತ ಹೇಳಿರಲಿಲ್ಲ.

ಒಂದು ದಿನ ಶಾಲೆಯ ಹೆಡ್ ಮೇಡಂ ಅಡುಗೆಕೋಣೆಯ ಬಾಗಿಲಿಗೆ ಬಂದು ನಿಂತರು. ನನ್ನ ಕೈಯಲ್ಲಿ ಸೌಟಿತ್ತು. ಈ ತಿಂಗಳಿಗೆ ಬಿಡುತ್ತಿದ್ದೀರಂತಲ್ಲ, ನಿಮ್ಮ ಯಜಮಾನರು ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಿ ಹೇಳಿದರು, ಅಂದರು. ನನಗೆ ಮೈಯೆಲ್ಲ ಉರಿದುಹೋಯಿತು. ನಾನು ಹೇಳಿದೆನಾ ಮೇಡಂ, ಅಂದೆ. ಇಲ್ಲ, ಆದರೆ ಅವರೇ ಹೇಳಿದ ಮೇಲೆ ಮನೆಯಲ್ಲಿ ಮಾತಾಡಿಕೊಂಡಿದ್ದೀರಿ ಅಂದುಕೊಂಡೆ, ಅಂದರು. ಆಮೇಲೆ ದನಿ ತಗ್ಗಿಸಿ, "ನೋಡಿ ಅಮ್ಮ, ನೀವು ಬಿಡ್ತೀರಿ ಅನ್ನೋ ಸುದ್ದಿ ಊರಲ್ಲಿ ಹಬ್ಬಿ ಆಗಲೇ ಇಬ್ಬರು ಬಂದು ಕೇಳಿ ಹೋಗಿದ್ದಾರೆ. ಸಮಿತಿಯವರು ಕಾಯ್ತಾ ಇದ್ದಾರೆ. ಇರೋದಾದ್ರೆ ಈಗ ಒಂದು ದಿನಾನೂ ತಪ್ಪಿಸಬೇಡಿ. ತಪ್ಪಿಸಿದ್ರೆ ನನ್ನ ಕೈಲಿ ಹಿಡಿದಿಡೋಕೆ ಆಗಲ್ಲ" ಅಂದರು.

ತಪ್ಪಿಸುವುದಿಲ್ಲ ಅಂದೆ. ಮನೆಗೆ ಬಂದು ಇವರನ್ನು ಕೇಳಿದರೆ, ನೀನು ಹೂಂ ಅಂದೆಯಲ್ಲ ಅಂದರು. ಇನ್ನೇನು ಮಾತಾಡುವುದು.

ಅದೇ ಹೊತ್ತಿಗೆ ನಾಲೆಗೆ ನೀರು ಬಿಟ್ಟಿದ್ದರು. ಊರಿಗೆ ಊರೇ ಒಂದೇ ಸಲ ನಾಟಿಗೆ ಬಿದ್ದರೆ ಆಳು ಸಿಗುವುದು ಕಷ್ಟ. ನಮ್ಮ ಗದ್ದೆಯ ನಾಟಿಗೆ ಆಳು ಹೇಳಿ ಆಗಿದೆ, ಭಾನುವಾರ ಬರುತ್ತಾರೆ, ನೀನು ಅಡುಗೆ ನೋಡಿಕೋ ಅಂದರು ಇವರು. ಪರವಾಗಿಲ್ಲವೇ, ಮನೆಯಲ್ಲಿದ್ದದ್ದಕ್ಕೆ ಒಂದು ಕೆಲಸವಾದರೂ ಆಯಿತು ಅಂದುಕೊಂಡೆ. ಭಾನುವಾರ ಬೆಳಿಗ್ಗೆ ಗದ್ದೆಗೆ ಹೋಗಿ ನೋಡಿದರೆ ಕೂಲಿಯವರಲ್ಲ, ನಮ್ಮ ಕೇರಿಯ ಹೆಂಗಸರೇ ಬಂದಿದ್ದಾರೆ. ಮನೆಗೊಬ್ಬರಂತೆ ಐದು ಮನೆಯವರು. ಆಗಲೇ ನನಗೆ ಗೊತ್ತಾಗಬೇಕಿತ್ತು. ಗೊತ್ತಾದದ್ದು ಮಧ್ಯಾಹ್ನ ಬದುವಿನ ಮೇಲೆ ಮುದ್ದೆ ಇಕ್ಕುವಾಗ. ಪಕ್ಕದ ಮನೆಯವಳು, ನನ್ನನ್ನು ಅಕ್ಕ ಅನ್ನುವವಳು, ಸಾರಿಗೆ ತಟ್ಟೆ ಒಡ್ಡುತ್ತಾ ಹೇಳಿದಳು.

"ನಮ್ದು ಗುರುವಾರ ಕಣಕ್ಕ. ಒತ್ತಾರೆನೇ ಬಂದ್ಬುಡು. ಬಾವ ಏಳವ್ರೆ, ಇನ್ಮೇಲೆ ಇಸ್ಕೂಲಿಲ್ಲ, ನಮ್ಮವಳು ಪುರುಸೊತ್ತಾಗವಳೆ ಅಂತ."

ಆ ಗುರುವಾರ ಅವಳದ್ದು, ಶುಕ್ರವಾರ ಇನ್ನೊಬ್ಬಳದ್ದು, ಸೋಮವಾರ ಮತ್ತೊಬ್ಬಳದ್ದು, ಮಿಕ್ಕಿಬ್ಬರದ್ದು ಅದರ ಮುಂದಿನ ಎರಡು ದಿನ. ಎಲ್ಲ ಶಾಲೆಯ ದಿನವೇ.

ಮುಯ್ಯಾಳು ಅಂದರೆ ನಮ್ಮ ಕಡೆ ಹೀಗೆ. ನಿಮ್ಮ ಮನೆಯಿಂದ ಒಂದಾಳು ನಮ್ಮ ಗದ್ದೆಗೆ ಬಂದರೆ ನಮ್ಮ ಮನೆಯಿಂದ ಒಂದಾಳು ನಿಮ್ಮ ಗದ್ದೆಗೆ ಹೋಗಬೇಕು. ದುಡ್ಡು ಕೊಟ್ಟು ತೀರಿಸುವ ಹಾಗಿಲ್ಲ. ಕೊಟ್ಟರೆ ಮುಖಕ್ಕೆ ಹೊಡೆದ ಹಾಗೆ, ಮತ್ತೆ ಆ ಮನೆಯವರು ನೀರಿಗೂ ಕರೆಯುವುದಿಲ್ಲ. ಮುಂಚೆ ಇದು ಗಂಡ ಹೆಂಡತಿ ಇಬ್ಬರ ಮೇಲೂ ಬೀಳುತ್ತಿತ್ತು. ಉಳುಮೆಗೆ, ಬದು ಕಡಿಯುವುದಕ್ಕೆ ಗಂಡಸರು ಮುಯ್ಯಿ ಹೋಗುವರು, ನಾಟಿಗೆ, ಕಳೆಗೆ ಹೆಂಗಸರು ಹೋಗುವರು. ಈಗ ಉಳುವುದಕ್ಕೆ ಟಿಲ್ಲರ್ ಬಂತು. ಗಂಡಸರ ಮುಯ್ಯಿ ಹೋಯಿತು. ಹೆಂಗಸರದ್ದು ಹಾಗೇ ಉಳಿಯಿತು. ಹಾಗಾಗಿ ಇವರು ಜಗಲಿಯ ಮೇಲೆ ಕೂತು ಐದು ಮನೆಗೆ ಮಾತು ಕೊಟ್ಟದ್ದು ನನ್ನ ಸೊಂಟವನ್ನು. ತಮ್ಮದನ್ನಲ್ಲ.

ಇಬ್ಬರೂ ದುಡಿದದ್ದು ಸಾಕು ಅಂದಿದ್ದರಲ್ಲ, ಅದರ ಅರ್ಥ ಹೀಗೆ ಅಂತ ಬದುವಿನ ಮೇಲೆ ನನಗೆ ತಿಳಿಯಿತು. ಅವರ ಪಾಲಿಗೆ ಕೂರುವುದು. ನನ್ನ ಪಾಲಿಗೆ ಶಾಲೆಯಿಂದ ಗದ್ದೆಗೆ, ಗದ್ದೆಯಿಂದ ಒಲೆಗೆ.

ಸಂಜೆ ಕೇಳಿದೆ. ಶಾಲೆ ಬಿಡುತ್ತೀಯಲ್ಲ, ಇನ್ನೇನು ತೊಂದರೆ ಅಂದರು. ಬಿಡುವುದಿಲ್ಲ ಅಂದೆ. ಈಗ ಮಾತು ಕೊಟ್ಟಾಗಿದೆ ಅಂದರು. ಕೊಟ್ಟವರು ಯಾರು ಅಂದೆ. ಮನೆ ಅಂದ ಮೇಲೆ ಇಬ್ಬರೂ ಒಂದೇ ಅಲ್ಲವಾ ಅಂದರು. ಆ ಮಾತು ಕೇಳಿ ನನಗೆ ಕೂಗಾಡುವುದಕ್ಕೂ ಬೇಜಾರಾಯಿತು. ನಾಟಿ ಮಾಡಿ ಬಂದ ಕಾಲು ತೊಳೆಯದೆ ಹಾಗೇ ಗೋಡೆಗೆ ಒರಗಿದೆ.

ಮಾರನೇ ದಿನ ಸೋಮವಾರ. ಶಾಲೆ ಮುಗಿಸಿದವಳು ಮನೆಗೆ ಬರಲಿಲ್ಲ. ನರಸೀಪುರಕ್ಕೆ ಹೋಗಿ ನಂಜನಗೂಡಿನ ಬಸ್ಸು ಹತ್ತಿದೆ. ಮಗಳು ಅಳಿಯ ಅಲ್ಲಿಯೇ ಇಂಡಸ್ಟ್ರಿಯಲ್ ಏರಿಯಾದ ಹತ್ತಿರ ಬಾಡಿಗೆ ಮನೆಯಲ್ಲಿದ್ದಾರೆ, ಇಬ್ಬರೂ ಬೇರೆ ಬೇರೆ ಫ್ಯಾಕ್ಟರಿ. ಇವರಿಗೆ ಹೇಳದೆ ಹೋದೆ. ಒಂದು ರಾತ್ರಿ ಹಸಿದುಕೊಂಡಿರಲಿ ಅಂತಲೇ ಹೋದೆ.

ಹೋಗಿ ನೋಡಿದರೆ ಅಲ್ಲಿಯದು ಇನ್ನೊಂದು ಅವತಾರ. ಮಗುವನ್ನು ನೋಡಿಕೊಳ್ಳುವವರು ಯಾರೂ ಇಲ್ಲದ್ದಕ್ಕೆ ಅವಳು ಒಂದು ಶಿಫ್ಟು, ಅವನು ಇನ್ನೊಂದು ಶಿಫ್ಟು ಹಾಕಿಸಿಕೊಂಡಿದ್ದಾರೆ. ವಾರವಾರವೂ ಅದರ ಮೇಲೆ ಜಗಳ. ಓಟಿ ಯಾರು ಮಾಡುವುದು, ರಜೆ ಯಾರು ಹಾಕುವುದು, ಮಗುವಿಗೆ ಜ್ವರ ಬಂದರೆ ಯಾರ ಸೂಪರ್‌ವೈಸರ್ ಕಮ್ಮಿ ಬೈಯುತ್ತಾನೆ, ಎಲ್ಲವನ್ನೂ ವಾದ ಮಾಡಿಯೇ ಗೊತ್ತುಮಾಡುವುದು. ನಾನು ಬಾಗಿಲಲ್ಲಿ ಚಪ್ಪಲಿ ಬಿಡುವಾಗಲೂ ಅದೇ ನಡೆಯುತ್ತಿತ್ತು. ನನ್ನನ್ನು ನೋಡಿ ಸುಮ್ಮನಾದರು, ನಾನು ಕೈಕಾಲು ತೊಳೆದು ಬರುವಷ್ಟರಲ್ಲಿ ಮತ್ತೆ ಶುರು. ನನಗೆ ಸಾಕಾಯಿತು. ಆದರೆ ಒಂದು ಮಾತು. ಅಲ್ಲಿ ಹೂಂ ಅನ್ನುವುದು ಇರಲಿಲ್ಲ. ಹೂಂ ಅಂದರೆ, ಏನಕ್ಕೆ ಹೂಂ ಅಂತ ಅಳಿಯನೇ ಕೇಳುವನು.

ಆ ಸಂಜೆ ಅಡುಗೆ ಅಳಿಯನದ್ದು. ಮುದ್ದೆ ತಿರುವಿದ. ಅದನ್ನು ಮುದ್ದೆ ಅನ್ನುವುದಕ್ಕೆ ಬಾಯಿ ಬರುವುದಿಲ್ಲ. ಮುರಿದರೆ ಒಳಗೆಲ್ಲ ಗಂಟು, ಗಂಟಿನೊಳಗೆ ಹಸಿ ಹಿಟ್ಟು. ನನ್ನ ಮಗಳು ಸೊಲ್ಲೆತ್ತದೆ ಸಾರಿನಲ್ಲಿ ಅದ್ದಿ ಅದ್ದಿ ನುಂಗುತ್ತಿದ್ದಾಳೆ. ಚಿಕ್ಕಂದಿನಲ್ಲಿ ನನ್ನ ಮುದ್ದೆಯಲ್ಲಿ ಒಂದು ಗಂಟು ಸಿಕ್ಕಿದರೆ ತಟ್ಟೆ ತಳ್ಳುತ್ತಿದ್ದವಳು. ಅವನು ನೀರು ತರಲು ಎದ್ದು ಹೋದಾಗ ಕೇಳಿದೆ, ಎಂಗವ್ವ ಉಣ್ತೀಯ ಇದ್ನ ಅಂತ.

ಅವಳು ಪಿಸುಗುಟ್ಟಿದಳು. "ಸುಮ್ನೆ ನುಂಗವ್ವ. ನಾನೀಗ ಬಾಯ್ ಬುಟ್ರೆ ನಾಳಿಂದ ನಾನೇ ತಿರುವ್ಬೇಕಾಯ್ತದೆ."

ನಾನು ನುಂಗಿದೆ. ಆ ಮುದ್ದೆ ಹೊಟ್ಟೆಯೊಳಗೆ ಕಲ್ಲು ಕೂತ ಹಾಗೆ ಕೂತಿತು, ಆ ಮಾತೂ ಅದರ ಜೊತೆಗೆ ಕೂತಿತು. ಮಾರನೇ ದಿನ ಮೊದಲನೇ ಬಸ್ಸಿಗೆ ಹೊರಟು ನೇರ ಶಾಲೆಗೆ ಹೋದೆ. ಬಸ್ಸಿನಲ್ಲಿ ಕೂತು ಯೋಚನೆ ಮಾಡಿದ್ದು ಒಂದೇ. ಮುಯ್ಯಾಳು ಅಂದರೆ ಮನೆಯಿಂದ ಒಂದಾಳು. ಅದು ನಾನೇ ಆಗಬೇಕು ಅಂತ ಯಾರೂ ಹೇಳಿಲ್ಲ.

ಮಂಗಳವಾರ ಸಂಜೆ ಇವರಿಗೆ ಹೇಳಿದೆ. ಅಷ್ಟು ಹೊತ್ತಿಗೆ ಅವರು ಅಂಗಡಿಯ ಬನ್ನು ತಿಂದು ಒಂದು ರಾತ್ರಿ ಕಳೆದಿದ್ದರು, ಅದನ್ನು ಊರೆಲ್ಲ ಹೇಳಿಕೊಂಡೂ ಬಂದಿದ್ದರು.

"ಗುರುವಾರ ನಾಟಿಗೆ ನೀವೋಗಿ. ಮಾತು ಕೊಟ್ಟೋರು ನೀವು."

"ಗಂಡಸ್ರು ನಾಟಿ ಆಕದ ಎಲ್ಲಾರ ನೋಡಿದ್ದೀಯಾ? ತಲೆ ನೆಟ್ಟಗದಾ ನಿಂಗೆ?"

"ನೋಡಿಲ್ಲ. ಗುರುವಾರ ನೋಡ್ತೀನಿ."

ಅವರು ನಕ್ಕರು. ಇವಳು ಬುಧವಾರದ ಹೊತ್ತಿಗೆ ಸರಿಹೋಗುತ್ತಾಳೆ ಅಂತ ಅವರ ಎಣಿಕೆ. ಹಿಂದೆಲ್ಲ ನಾನು ಸರಿಹೋಗಿದ್ದೆ, ಅದೂ ನಿಜ. ಬುಧವಾರ ಹೋಯಿತು. ಗುರುವಾರ ಬೆಳಿಗ್ಗೆ ನಾನು ಎಂದಿನ ಹಾಗೆ ಸ್ನಾನ ಮಾಡಿ, ಶಾಲೆಯ ಸೀರೆ ಉಟ್ಟು ಬಾಗಿಲಿಗೆ ಬಂದೆ. ಇವರು ಜಗಲಿಯ ಮೇಲೆ ಅಲುಗಾಡದೆ ಕೂತಿದ್ದರು. ಅದೇ ಹೊತ್ತಿಗೆ ಪಕ್ಕದ ಮನೆಯವಳು ಸೀರೆ ಎತ್ತಿ ಕಟ್ಟಿಕೊಂಡು ಬಂದಳು, ನಡಿಯಕ್ಕ ಅಂತ. ನಮ್ಮ ಮನೆಯ ಆಳು ಅಲ್ಲಿ ಕೂತಿದೆ, ಕರೆದುಕೊಂಡು ಹೋಗು ಅಂದೆ. ಅವಳಿಗೆ ನಗು ಬಂದು ಬಾಯಿಗೆ ಸೆರಗು ಇಟ್ಟುಕೊಂಡಳು. ಇವರ ಮುಖ ಕೆಂಪಾಯಿತು. ಬರುವುದಿಲ್ಲ ಅಂತ ಅವಳ ಎದುರಿಗೆ ಹೇಳುವ ಹಾಗಿಲ್ಲ. ಹೇಳಿದರೆ ಮಾತು ತಪ್ಪಿದ ಮನೆ ಅನ್ನಿಸಿಕೊಳ್ಳಬೇಕು. ಫ್ಯಾಕ್ಟರಿ ಗೇಟಿನಲ್ಲಿ ಎಲ್ಲರ ಬ್ಯಾಗು ತೆಗೆಸಿ ನೋಡುತ್ತಿದ್ದ ಮನುಷ್ಯ ಎದ್ದು, ಪಂಚೆ ಎತ್ತಿ ಕಟ್ಟಿ, ಅವಳ ಹಿಂದೆ ಹೋದರು. ನಾನು ಶಾಲೆಗೆ ಹೋದೆ.

ಆವತ್ತು ಸಾರಿಗೆ ಎರಡು ಸಲ ಉಪ್ಪು ಹಾಕಿಬಿಟ್ಟೆ. ಜೊತೆಯವಳು ನೋಡಿ ನೀರು ಬೇಳೆ ಸೇರಿಸಿ ಸರಿಮಾಡಿದಳು.

ಶಾಲೆ ಮುಗಿಸಿ ಗದ್ದೆಯ ಕಡೆಯಿಂದಲೇ ಬಂದೆ. ದೂರದಿಂದಲೇ ನಗು ಕೇಳಿಸಿತು. ಹೆಂಗಸರೆಲ್ಲ ಸಾಲಾಗಿ ಬಗ್ಗಿ ಹಿಂದಕ್ಕೆ ಹಿಂದಕ್ಕೆ ಬರುತ್ತಿದ್ದರು. ನಡುವೆ ಒಂದು ಪಾಲು ಮಾತ್ರ ಎಷ್ಟೋ ಹಿಂದೆ ಉಳಿದುಹೋಗಿತ್ತು, ಬಾಯಿಯ ನಡುವೆ ಹಲ್ಲು ಬಿದ್ದ ಹಾಗೆ. ಅಲ್ಲಿ ಇವರು. ಒಂದು ಕೈ ಮೊಣಕಾಲ ಮೇಲೆ, ಒಂದು ಕೈಯಲ್ಲಿ ಪೈರಿನ ಕಟ್ಟು. ಮೂರು ಕಡ್ಡಿ ನೆಡುವ ಕಡೆ ಹಿಡಿ ಹಿಡಿ ಊರಿದ್ದಾರೆ. ಊರಿದ್ದರಲ್ಲಿ ಎಷ್ಟೋ ಎದ್ದು ನೀರಿನ ಮೇಲೆ ತೇಲುತ್ತಿವೆ. ಸಾಲು ಅನ್ನುವುದು ಹಾವು ಹೋದ ದಾರಿ.

ಬಾವ ಅನ್ನುವ ಹೆಂಗಸರಿಗೆ ಬಾವನನ್ನು ಗೇಲಿ ಮಾಡುವುದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ. ಬೆಳಿಗ್ಗೆಯಿಂದ ಅದೇ ನಡೆದಿತ್ತು ಅಂತ ಕಾಣುತ್ತದೆ. ಒಬ್ಬಳು ಬಾವನಿಗೆ ಒಂದು ಜೊತೆ ಬಳೆ ತರಿಸಿ ಅಂದಳು. ಇನ್ನೊಬ್ಬಳು, ಬಾವ ಪೈರು ನೆಡುತ್ತಿಲ್ಲ, ಪೈರಿನ ಬ್ಯಾಗು ಚೆಕ್ ಮಾಡುತ್ತಿದ್ದಾರೆ ಅಂದಳು. ಅದಕ್ಕೆ ನನಗೂ ನಗು ಬಂತು. ಇವರು ತಲೆ ಎತ್ತಲಿಲ್ಲ. ತಲೆ ಎತ್ತಿದರೆ ಸೊಂಟವನ್ನೂ ಎತ್ತಬೇಕಾಗುತ್ತಿತ್ತು, ಅದು ಆಗುತ್ತಿರಲಿಲ್ಲ.

ನನಗೆ ಕೈ ತುರಿಸುತ್ತಿತ್ತು. ಹಾಳು ನಾಟಿ ಕಂಡರೆ ಸುಮ್ಮನಿರುವ ಜನ್ಮ ನನ್ನದಲ್ಲ. ಚಪ್ಪಲಿ ಬಿಟ್ಟು ಸೀರೆ ಎತ್ತಿ ಕಟ್ಟಿ ಇಳಿದರೆ ಹೊತ್ತು ಮುಳುಗುವುದರೊಳಗೆ ಆ ಪಾಲು ಮುಗಿಸಿಬಿಡುತ್ತಿದ್ದೆ. ಒಂದು ಕಾಲಿನ ಚಪ್ಪಲಿ ಬಿಟ್ಟೂ ಇದ್ದೆ. ಆಗ ಅಳಿಯನ ಮುದ್ದೆ ನೆನಪಿಗೆ ಬಂತು. ಈಗ ಇಳಿದರೆ ನಾಳೆಯೂ ನಾನೇ, ನಾಡಿದ್ದೂ ನಾನೇ, ಶಾಲೆಯ ಒಲೆಯ ಮುಂದೆ ಇನ್ನೊಬ್ಬಳು. ಚಪ್ಪಲಿಯನ್ನು ಮತ್ತೆ ಮೆಟ್ಟಿಕೊಂಡು ಬದುವಿನ ಮೇಲೆ ಕೂತೆ.

ಗದ್ದೆಯವಳು ಸುಮ್ಮನೆ ಬಿಡಲಿಲ್ಲ. ಬಿಡಬೇಕಾಗಿಯೂ ಇರಲಿಲ್ಲ. ನೀರಿನಿಂದ ಮೇಲೆ ಬಂದು ಕೈ ಒರೆಸಿಕೊಳ್ಳುತ್ತಾ ಕೇಳಿದಳು.

"ನಗು ಬೇರೆ, ನ್ಯಾಯ ಬೇರೆ ಕಣಕ್ಕ. ನಾ ನಿಮ್ಮ ಗದ್ದೇಲಿ ಎಂಗ್ ನೆಟ್ಟೆ, ಬಾವ ಎಂಗ್ ನೆಟ್ಟವ್ರೆ ನೀನೇ ನೋಡು. ಇದ್ನ ಒಂದಾಳು ಅಂತ ಎಂಗ್ ಇಡ್ಕಳಾದು?"

ಅವಳು ಹೇಳಿದ್ದು ಸರಿಯಾಗಿಯೇ ಇತ್ತು. ನಾಳೆ ನಾನು ಬರುತ್ತೇನೆ ಅನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಗದ್ದೆಯೊಳಗಿಂದ ಇವರು ದನಿ ತೆಗೆದರು. ಇನ್ನೂ ಬಗ್ಗಿಕೊಂಡೇ ಇದ್ದರು.

"ಒಂದಾಳಲ್ಲ ಅಂದ್ರೆ ಅರ್ದಾಳು ಅಂತ ಇಡ್ಕ. ಉಳ್ದದ್ದ ನಾಳೆ ಬಂದು ನೆಡ್ತೀನಿ. ನಿಮ್ಮಕ್ಕನ್ನ ಯಾಕ್ ಕೇಳೀಯೆ? ಮಾತು ಕೊಟ್ಟಿದ್ದು ನಾನು."

ಗದ್ದೆಯವಳು, ಆಗಲಿ ಬಾವ, ನಾಳೆ ನಿಮಗೆ ಹಿಡಿಯುವುದು ತೋರಿಸಿಕೊಡುತ್ತೇನೆ ಅಂದಳು. ಆಮೇಲೆ ನನ್ನ ಕಡೆ ತಿರುಗಿ, ಮಿಕ್ಕವರ ಗದ್ದೆಗೂ ಹೀಗೇ ಅಂತೀಯಾ ಅಂತ ಕೇಳಿದಳು. ಭಾನುವಾರ ಇಟ್ಟುಕೊಂಡವರ ಗದ್ದೆಗೆ ನಾನು, ವಾರದ ದಿನ ಇಟ್ಟುಕೊಂಡವರಿಗೆ ಅವರು, ಅಂದೆ. ಅಲ್ಲಿಯೇ ಮೂವರು ತಮ್ಮ ನಾಟಿಯನ್ನು ಒಬ್ಬೊಬ್ಬರು ಒಂದೊಂದು ಭಾನುವಾರಕ್ಕೆ ತಳ್ಳಿದರು. ಇವರ ಕೈಯ ನಾಟಿ ಕಂಡ ಮೇಲೆ ಯಾರಾದರೂ ತಳ್ಳುತ್ತಾರೆ. ಶುಕ್ರವಾರದವಳು ಮಾತ್ರ ಬೇರೆ ಆಳು ನೋಡಿಕೊಳ್ಳುತ್ತೇನೆ, ನನ್ನ ಮುಯ್ಯಿಯನ್ನು ಕಳೆ ಕೀಳುವಾಗ ತೀರಿಸಿ, ಅಂದಳು. ಕಳೆ ಕೀಳುವುದಾದರೆ ಇವರಿಗೂ ಬರುತ್ತದೆ. ಬಾರದಿದ್ದರೆ ಕಲಿಯಲಿ.

ಮನೆಗೆ ಬಂದು ಬಿಸಿನೀರು ಕಾಯಿಸಿ ಕೊಟ್ಟೆ. ಮೈಮೇಲೆ ಹುಯ್ದುಕೊಂಡು, ಒಂದು ಕೈ ಗೋಡೆಗೆ ಕೊಟ್ಟು ನಡೆದು ಬಂದು ಚಾಪೆಯ ಮೇಲೆ ಮಗ್ಗುಲಾದರು. ಉಣ್ಣಲು ಏಳಲಾಗಲಿಲ್ಲ, ತಟ್ಟೆಯನ್ನು ಅಲ್ಲಿಗೇ ತಂದಿಟ್ಟೆ. ಉಂಡ ಮೇಲೆ ಕೇಳಿದರು. ಜಗಳದ ದನಿಯಲ್ಲ.

"ಆ ಇಸ್ಕೂಲಲ್ಲಿ ಏನದೆ ಅಂತ ಇಷ್ಟು ಅಟ ಮಾಡೀಯಮ್ಮಿ? ನಾನು ಮನೇಲಿ ಒಬ್ಬನೇ ಕೂತಿರ್ಬೇಕಲ್ಲ."

ಅಷ್ಟು ತಿಂಗಳು ಜಪ ಮಾಡಿದ ಹಾಗೆ ಬಿಡು ಬಿಡು ಅಂದವರು, ಇದನ್ನು ಒಂದು ಸಲವೂ ಹೇಳಿರಲಿಲ್ಲ. ಮೊದಲೇ ಹೇಳಿದ್ದರೆ ಐದು ಮನೆಗೆ ಮಾತು ಕೊಡುವುದು ತಪ್ಪುತ್ತಿತ್ತು. ನಾನೂ ಹೇಳಿರಲಿಲ್ಲ, ಈಗ ಹೇಳಿದೆ.

"ಅಲ್ಲಿ ನಾನು ಬಿಸಿ ಅನ್ನ ಉಣ್ತೀನಿ. ಯಾರೂ ಎಬ್ಬಿಸಾಕಿಲ್ಲ."

ಅವರು ನಗಲಿಲ್ಲ. ಮೂರು ಗಂಟೆಗೆ ಬಂದುಬಿಡುತ್ತೀಯಲ್ಲ ಅಂತ ಕೇಳಿದರು. ಮೂರೂವರೆ ಆಗುತ್ತದೆ, ಕಾಫಿ ಕಾಯಿಸುವುದು ಕಲಿತುಕೊಳ್ಳಿ ಅಂದೆ. ಹೂಂ ಅಂದರು. ಏನಕ್ಕೆ ಹೂಂ ಅಂತ ಕೇಳಿದೆ. ಕಾಫಿಗೆ ಅಂದರು.

ಮಾರನೇ ದಿನ ಬೆಳಿಗ್ಗೆ ಅವರ ಸೊಂಟ ಹಿಡಿದುಬಿಟ್ಟಿತ್ತು. ಚಾಪೆಯಿಂದ ಏಳುವುದಕ್ಕೂ ಆಗಲಿಲ್ಲ. ಕಲ್ಲುಪ್ಪು ಹುರಿದು ಬಟ್ಟೆಯಲ್ಲಿ ಗಂಟು ಕಟ್ಟಿ ಬೆನ್ನಿಗೆ ಇಟ್ಟೆ. ಕೈಗೆ ಎಟುಕುವ ಹಾಗೆ ನೀರಿನ ಚೊಂಬು, ಮುದ್ದೆಯ ಪಾತ್ರೆ ಇಟ್ಟೆ. ಪಕ್ಕದ ಮನೆಗೆ ಹೋಗಿ, ಇವತ್ತು ಆಗುವುದಿಲ್ಲ, ಸೊಂಟ ಬಿಟ್ಟ ಮೇಲೆ ಬರುತ್ತಾರೆ, ಬರುವುದು ಮಾತ್ರ ಅವರೇ ಅಂತ ಬಾಗಿಲಲ್ಲೇ ಹೇಳಿದೆ. ಆಮೇಲೆ ಶಾಲೆಗೆ ಹೋಗಿ ಬೇಳೆ ತೊಳೆದು ಒಲೆಯ ಮೇಲಿಟ್ಟೆ.